ಅಂದು ನಾನು ತೋರಿಸದ ದಾರಿ

ಗೌರಿ ಹಬ್ಬ ಕಳೆದ ವಾರದಲ್ಲಿ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. "ಮೇಷ್ಟ್ರೇ, ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆನ್ನುತ್ತಾಳೆ. ನನಗೆ ಅದರ ಗಂಧವಿಲ್ಲ, ತಾವೇ ದಾರಿ ಹೇಳಬೇಕು" ಎಂದ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳಿಗೆ ತಿಳಿದೇ ತಿಳಿಯುತ್ತದೆ.

ನನಗೆ ಮಾತೇ ಹೊರಡಲಿಲ್ಲ. 1993ರಲ್ಲಿ ಇದೇ ಪ್ರಶ್ನೆಯನ್ನು ಅವನೇ ಕೇಳಿದ್ದ. ಬಿ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ. ಮನೆಯಲ್ಲಿ ಎರಡೆಕರೆ ಒಣಭೂಮಿ, ಬೆನ್ನ ಹಿಂದೆ ಇಬ್ಬರು ತಂಗಿಯರು. "ಸಂಶೋಧನೆಯೆಲ್ಲ ಉಳ್ಳವರಿಗಪ್ಪಾ. ಬಿ.ಎಡ್. ಮಾಡು, ಅನ್ನಕ್ಕೆ ದಾರಿಯಾಗುತ್ತದೆ" ಎಂದಿದ್ದೆ. ಅವನು ಹಾಗೆಯೇ ಮಾಡಿದ. ಒಳ್ಳೆಯ ಅಧ್ಯಾಪಕನೂ ಆದ. ಆದರೆ ನಾನು ಹೇಳಿದ್ದು ಸತ್ಯವಾಗಿರಲಿಲ್ಲ. ಎಂ.ಎಸ್ಸಿ. ಮಾಡಿ ನೆಟ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಅಂದೂ ಸಂಶೋಧನೆಗೆ ತಿಂಗಳ ಶಿಷ್ಯವೇತನ ದೊರೆಯುತ್ತಿತ್ತು. ಅದು ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ.

ಈ ಬಾರಿ ನಾಲ್ಕು ದಿನಗಳ ಅವಕಾಶ ಕೇಳಿದೆ. ಮೊಮ್ಮಗ ಗಣಕಯಂತ್ರದ ಮುಂದೆ ಕೂರಿಸಿದ. ಬೆಂಗಳೂರಿನಲ್ಲಿ ಸಂಶೋಧಕಿಯಾಗಿರುವ ಇನ್ನೊಬ್ಬ ಶಿಷ್ಯೆ ಉಳಿದದ್ದನ್ನು ತಿಳಿಸಿದಳು. ನಿಮ್ಮ ಮನೆಯ ಮಕ್ಕಳಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಅದಕ್ಕೆ ಐಐಟಿಗಳು ಫೆಬ್ರವರಿಯಲ್ಲಿ ನಡೆಸುವ 'ಜಾಮ್' ಪರೀಕ್ಷೆ ಬರೆದಿರಬೇಕು. ಭೌತಶಾಸ್ತ್ರದವರಿಗೆ 'ಜೆಸ್ಟ್' ಎಂಬ ಇನ್ನೊಂದು ಬಾಗಿಲೂ ಇದೆ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಆದರೆ ಜಾಮ್ ಅರ್ಜಿಯ ಕಾಲ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್. ಫಲಿತಾಂಶ ಬಂದ ಮೇಲೆ ವಿಚಾರಿಸೋಣವೆಂದು ಕುಳಿತವರಿಗೆ ಒಂದು ವರ್ಷವೇ ಕೈತಪ್ಪುತ್ತದೆ. ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಬುದ್ಧಿಯಲ್ಲಲ್ಲ.

ಎಂ.ಎಸ್ಸಿ. ಮಾಡಿದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಇದೆ. ಅದರಲ್ಲಿ ಜೆಆರ್‌ಎಫ್ ದೊರೆತರೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000. ಇದು ಸಾಲವಲ್ಲ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದುಂಟು, ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ, ಆಮೇಲೂ ಕಾಯಂ ಕೆಲಸ ಸುಲಭವಲ್ಲ. ಇದನ್ನೂ ಮುಚ್ಚಿಡಬೇಡಿ ಸಾರ್ ಎಂದಳು ಶಿಷ್ಯೆ. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಅವರ ಕೈಕೆಳಗೆ ಈಗಿರುವ ವಿದ್ಯಾರ್ಥಿಗಳನ್ನು ಮಾತನಾಡಿಸದೆ ಸೇರಬಾರದು ಎಂಬುದು ಅವಳ ಅನುಭವದ ಮಾತು. ನಮ್ಮ ಹಿರಿಯರು ಹೆಣ್ಣು ಕೊಡುವಾಗ ವಿಚಾರಿಸುತ್ತಿದ್ದಂತೆ!

ಬೇಸಿಗೆ ರಜೆಯಲ್ಲಿ ವಿಜ್ಞಾನಿಗಳೊಡನೆ ಕೆಲಸ ಮಾಡಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜೊತೆಗೂಡಿ ಫೆಲೋಶಿಪ್ ನೀಡುತ್ತ ಬಂದಿರುವುದನ್ನೂ ನಾನು ಈಗಷ್ಟೇ ಅರಿತೆ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನು!

ಐದನೆಯ ದಿನ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ಹುಡುಗಿ ಬರೆದುಕೊಂಡಳು. ಬಳಿಕ ತಂದೆ ಮಾತಿಗೆ ಬಂದ. ತುಸು ಹೊತ್ತು ಸುಮ್ಮನಿದ್ದು, "ಆಗಲೂ ಹೀಗೆ ವೇತನ ಇತ್ತೇ ಮೇಷ್ಟ್ರೇ?" ಎಂದ.

"ಇತ್ತಪ್ಪಾ. ನನಗೆ ತಿಳಿದಿರಲಿಲ್ಲ" ಎಂದೆ.

"ಇರಲಿ ಬಿಡಿ. ಇವಳಿಗೆ ಜಾಮ್ ಅರ್ಜಿಯ ಕೊನೆಯ ದಿನಾಂಕ ಇನ್ನೊಮ್ಮೆ ಬೇಕಂತೆ" ಎಂದು ಫೋನನ್ನು ಮಗಳ ಕೈಗಿತ್ತ.