ವೆಲ್‌ನೆಸ್ ವೀಕ್ ಮುಗಿದ ಮೇಲಿನ ಸೋಮವಾರ

ನಿಮ್ಮ ಆಫೀಸಿನಲ್ಲೂ ವರ್ಷಕ್ಕೊಮ್ಮೆ ‘ವೆಲ್‌ನೆಸ್ ವೀಕ್’ ನಡೆಯುತ್ತೆ ಅಲ್ವಾ? ಸೋಮವಾರ ಜುಂಬಾ, ಮಂಗಳವಾರ ಧ್ಯಾನ, ಬುಧವಾರ ಡಯಟೀಷಿಯನ್ ಭಾಷಣ, ಗುರುವಾರ ಬಿಪಿ, ಶುಗರ್ ಚೆಕಪ್, ಶುಕ್ರವಾರ ಬಹುಮಾನ. ಒಂದು ಟೀ ಶರ್ಟ್, ಒಂದು ನೀರಿನ ಬಾಟಲಿ, ಒಂದು ಗ್ರೂಪ್ ಫೋಟೊ. ಮುಂದಿನ ಸೋಮವಾರ ಮತ್ತೆ ಅದೇ ಕುರ್ಚಿ, ಅದೇ ಮೀಟಿಂಗು, ಸಂಜೆ ನಾಲ್ಕಕ್ಕೆ ಅದೇ ಪಫ್ಸು.

ಎರಡು ವರ್ಷದ ಹಿಂದೆ ನಮ್ಮಲ್ಲಿ ಸ್ಟೆಪ್ ಚಾಲೆಂಜ್ ಇಟ್ಟಿದ್ದರು. ದಿನಕ್ಕೆ 10,000 ಹೆಜ್ಜೆ. ಮೊದಲ ವಾರ ಎಲ್ಲರೂ ಕಾರಿಡಾರಿನಲ್ಲಿ ನಡೆದದ್ದೇ ನಡೆದದ್ದು. ಸಹೋದ್ಯೋಗಿಯೊಬ್ಬ ತನ್ನ ವಾಚನ್ನು ಮಗಳ ಕೈಗೆ ಕಟ್ಟಿ ಪಾರ್ಕಿಗೆ ಕಳಿಸಿ ಮೂರನೇ ಬಹುಮಾನ ಹೊಡೆದ! ಅಂದಹಾಗೆ, ಈ 10,000 ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಅನ್ನೋ ಅರ್ಥದ ಹೆಸರಿಟ್ಟಿದ್ದರು. ಆ ಹೆಸರಿನ ಸಂಖ್ಯೆಯೇ ಲೋಕಕ್ಕೆಲ್ಲ ಗುರಿಯಾಗಿ ಉಳಿಯಿತು. ನಡೆಯೋದು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ.

ಆ ವಾರದ ಚೆಕಪ್ಪಿನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ ಅದು. 5.7ರಿಂದ 6.4ರವರೆಗೆ ಇದ್ದರೆ ‘ಪ್ರಿ ಡಯಾಬಿಟಿಸ್’ ಅಂತಾರೆ. ನನಗಾಗ 29. ನಮ್ಮಪ್ಪನಿಗೆ 42ಕ್ಕೆ ಮಾತ್ರೆ ಶುರುವಾಗಿ ಈಗ ಇನ್ಸುಲಿನ್ ನಡೀತಿದೆ. ಅವರ ಕಾಲಿನ ಸಣ್ಣ ಗಾಯ ಮೂರು ತಿಂಗಳಾದರೂ ಮಾಯದೆ ಇದ್ದಾಗ ಡ್ರೆಸಿಂಗ್ ಮಾಡಿಸಲು ಕರೆದುಕೊಂಡು ಹೋಗುತ್ತಿದ್ದವಳು ನಾನು. ಹಾಗಾಗಿ 6.1 ನನಗೆ ಬರೀ ಒಂದು ನಂಬರ್ ಆಗಿರಲಿಲ್ಲ.

ರಿಪೋರ್ಟ್ ಹಿಡಿದು ಮನೆ ಹತ್ತಿರದ ಡಾಕ್ಟರ ಬಳಿ ಹೋದೆ. “ರಾತ್ರಿ ಊಟ ಎಷ್ಟೊತ್ತಿಗಮ್ಮ?” ಅಂದರು. “ಹನ್ನೊಂದು, ಹನ್ನೊಂದೂವರೆ ಆಗುತ್ತೆ ಸರ್.” “ಯಾಕೆ?” “ಕಾಲ್ ಇರುತ್ತೆ.” ಪೆನ್ನು ಕೆಳಗಿಟ್ಟು ನಕ್ಕರು. “ಹಂಗಾದ್ರೆ ನಾನು ಚೀಟಿ ಬರೀಬೇಕಾಗಿರೋದು ನಿಮ್ಮ ಕ್ಯಾಲೆಂಡರಿಗೆ.”

ನಮ್ಮ ಕ್ಯಾಲೆಂಡರ್ ಹೇಗಿತ್ತು ಗೊತ್ತಾ? ಕ್ಯಾಲಿಫೋರ್ನಿಯಾ ಟೀಮಿನ ಜೊತೆ ವಾರದಲ್ಲಿ ಐದೂ ದಿನ ರಾತ್ರಿ 9ಕ್ಕೆ ಕಾಲ್. ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ನಮಗೆ ಅದು 10. ಮುಗಿಸಿ, ಉಂಡು, ಮಲಗುವಾಗ ಒಂದು ಗಂಟೆ. ಬೆಳಿಗ್ಗೆ ತಿಂಡಿ ಇಲ್ಲ, ಕ್ಯಾಬಿನಲ್ಲಿ ನಿದ್ದೆ, ಬೆಳ್ಳಂದೂರು ಸಿಗ್ನಲ್ಲಿನಲ್ಲಿ ಎಚ್ಚರ. ಮಧ್ಯಾಹ್ನ ಒಂದರಿಂದ ಎರಡು ‘ಎಲ್ಲರೂ ಫ್ರೀ ಇರ್ತಾರೆ’ ಅಂತ ಮೀಟಿಂಗು. ಇಂಥ ದಿನದೊಳಗೆ ಯೋಗ, ಮೊಳಕೆ ಕಾಳು, ಎಂಟು ಗಂಟೆ ನಿದ್ದೆ ಎಲ್ಲಿ ತುರುಕೋದು? ‘ಮನಸ್ಸಿದ್ದರೆ ಮಾರ್ಗ’ ಅಂತಾರೆ. ಮಾರ್ಗದ ತುಂಬ ಮೀಟಿಂಗೇ ನಿಂತಿದ್ದರೆ?

ಎಂಜಿನಿಯರ್ ಬುದ್ಧಿ, ಸುಮ್ಮನಿರಲ್ಲ. ಹುಡುಕಿ ಓದಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಸುಮಾರು 5,000 ನೌಕರರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚೆಕಪ್, ತರಗತಿ, ಹಣದ ಬಹುಮಾನ. ಇನ್ನೊಂದಕ್ಕೆ ಏನೂ ಇಲ್ಲ. ಆಮೇಲೆ ನೋಡಿದರೆ ಆಸ್ಪತ್ರೆ ಖರ್ಚಿನಲ್ಲಾಗಲಿ, ಜಿಮ್ಮಿಗೆ ಹೋಗುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉತ್ಸಾಹದಿಂದ ಸೇರಿದವರಲ್ಲಿ ಹೆಚ್ಚಿನವರ ಆಸ್ಪತ್ರೆ ಖರ್ಚು ಮೊದಲೇ ಕಡಿಮೆ ಇತ್ತು. ನಮ್ಮ ಜುಂಬಾದಲ್ಲೂ ಮುಂದಿನ ಸಾಲಿನಲ್ಲಿ ನಿಲ್ಲೋದು ದಿನಾ ಜಿಮ್ಮಿಗೆ ಹೋಗುವವರೇ ಅಲ್ವಾ?

ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಲೆಕ್ಕ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಜಾಸ್ತಿ. ಅಂದ್ರೆ ಆರೋಗ್ಯದ ಅರ್ಧ ವಿಷಯ ಇರೋದು ಕೆಲಸದ ಹೊತ್ತಿನಲ್ಲೇ.

ಇದನ್ನೆಲ್ಲ ಟೀಮ್ ಮೀಟಿಂಗಿನಲ್ಲಿ ಹೇಳಿದೆ. ನನ್ನ ರಿಪೋರ್ಟನ್ನೂ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ “ನಂದು 6.3” ಅಂದ. ಇನ್ನೊಬ್ಬಳು “ನಾನು ಬಿಪಿ ಮಾತ್ರೆ ತಗೊಳ್ತಿದೀನಿ, ಮನೇಲಿ ಹೇಳಿಲ್ಲ” ಅಂದಳು. ನಮ್ಮ ಮ್ಯಾನೇಜರ್ ಮೇಡಂ ಲ್ಯಾಪ್‌ಟಾಪ್ ಮುಚ್ಚಿ, “ಸರಿ, ಏನು ಬದಲಾಯಿಸೋಣ ಹೇಳಿ” ಅಂದರು.

ಬದಲಾಯಿಸಿದ್ದು ಮೂರೇ ವಿಷಯ. ಐದು ದಿನದ ಕಾಲ್ ಎರಡಕ್ಕೆ ಇಳಿಯಿತು. ಅದರಲ್ಲೊಂದು ನಮ್ಮ ಬೆಳಿಗ್ಗೆ 8ಕ್ಕೆ, ಅವರಿಗೆ ಹಿಂದಿನ ದಿನದ ಸಂಜೆ. ಉಳಿದ ದಿನ ಬರೆದು ಕಳಿಸೋದು. ಮಧ್ಯಾಹ್ನ ಒಂದರಿಂದ ಎರಡು ಎಲ್ಲರ ಕ್ಯಾಲೆಂಡರಿನಲ್ಲೂ ಬ್ಲಾಕ್. ಶುಕ್ರವಾರ ರಾತ್ರಿಯ ರಿಲೀಸ್ ಮಂಗಳವಾರ ಬೆಳಿಗ್ಗೆಗೆ. ಎಲ್ಲಕ್ಕಿಂತ ಕೆಲಸ ಮಾಡಿದ್ದು ಮೇಡಂ ಒಂದು ಗಂಟೆಗೆ ತಾವೇ ಡಬ್ಬಿ ಹಿಡಿದು ಎದ್ದದ್ದು. ಅವರು ಏಳದಿದ್ದರೆ ನಮಗೆ ಏಳೋ ಧೈರ್ಯ ಎಲ್ಲಿಂದ ಬರುತ್ತೆ?

ಹೊತ್ತು ಸಿಕ್ಕ ಮೇಲೆ ಅಭ್ಯಾಸ ಕೂರಲು ಜಾಗ ಸಿಕ್ಕಿತು. ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ, 96 ಜನರ ಅಧ್ಯಯನವೊಂದಿದೆ. ಹೊಸ ಅಭ್ಯಾಸ ತಾನಾಗೇ ನಡೆಯುವಂತಾಗಲು ಅವರು ಕಂಡದ್ದು ಸರಾಸರಿ 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ದಿನಾ ನಡೆಯುವ ಒಂದು ಕೆಲಸದ ಬೆನ್ನಿಗೆ ಹೊಸದನ್ನು ಕಟ್ಟಬೇಕು. ನಡುವೆ ಒಂದು ದಿನ ತಪ್ಪಿದರೆ ಲೋಕ ಮುಳುಗಲ್ಲ. ನಾನು ಕಟ್ಟಿದ್ದು ಊಟಕ್ಕೆ. ಎಂಟಕ್ಕೆ ಊಟ, ತಟ್ಟೆ ತೊಳೆದ ಕೂಡಲೇ ಗಂಡನ ಜೊತೆ ನಂದಿನಿ ಬೂತಿನವರೆಗೆ ನಡಿಗೆ, ನಾಳೆಯ ಹಾಲು ತಗೊಂಡು ವಾಪಸ್. ಆ್ಯಪ್ ಇಲ್ಲ, ಪಾಯಿಂಟ್ಸ್ ಇಲ್ಲ. ಹಾಲಂತೂ ದಿನಾ ಬೇಕೇ ಬೇಕು.

ಮಾರ್ಚಿನಲ್ಲಿ ಒಂದು ದೊಡ್ಡ ರಿಲೀಸ್ ಬಂದು ಮೂರು ವಾರ ಎಲ್ಲ ಮತ್ತೆ ಹಳೆಯ ಹಾದಿಗೆ ಬಿತ್ತು. ಏಪ್ರಿಲಿನಲ್ಲಿ ಯಾರೂ ಹೊಸ ಪ್ರತಿಜ್ಞೆ ಮಾಡಲಿಲ್ಲ. ಕ್ಯಾಲೆಂಡರ್ ಹಾಗೇ ಇತ್ತಲ್ಲ, ನಾವೇ ಅದರೊಳಗೆ ವಾಪಸ್ ಹೋದೆವು. ಎಂಟು ತಿಂಗಳಿಗೆ ನನ್ನ ರಿಪೋರ್ಟ್ 5.8. “ಖುಷಿಪಡಿ, ಪಾರ್ಟಿ ಬೇಡ” ಅಂದರು ಡಾಕ್ಟರು.

ಪಕ್ಕದ ಟೀಮಿನಲ್ಲಿ ಇವತ್ತಿಗೂ ರಾತ್ರಿ ಹತ್ತರ ಕಾಲ್ ಇದೆ. ಗೇಟಿನಲ್ಲಿ ಹನ್ನೆರಡು ಗಂಟೆ ಪಾಳಿ ನಿಲ್ಲುವ ಸೆಕ್ಯುರಿಟಿ ಅಣ್ಣನಿಗೆ ವೆಲ್‌ನೆಸ್ ವೀಕಿನ ಇಮೇಲೂ ಹೋಗಲ್ಲ. ಆ ವಾರ ಕುರ್ಚಿ ಜೋಡಿಸೋಕೆ ಮಾತ್ರ ಅವರನ್ನ ಕರೀತಾರೆ. ಆಗಬೇಕಾದ್ದು ಇನ್ನೂ ಬೇಕಾದಷ್ಟಿದೆ.

ಮುಂದಿನ ಸಲ ಎಚ್‌ಆರ್‌ನಿಂದ ‘ನಿಮಗೆ ಯಾವ ಆ್ಯಕ್ಟಿವಿಟಿ ಬೇಕು?’ ಅನ್ನೋ ಫಾರ್ಮ್ ಬಂದಾಗ ಜುಂಬಾಗೂ ಟಿಕ್ ಹಾಕಿ, ಮಜಾ ಇರುತ್ತೆ. ಜೊತೆಗೆ ಕೊನೆಯ ‘ಇತರೆ’ ಅನ್ನೋ ಖಾಲಿ ಜಾಗದಲ್ಲಿ ಒಂದು ಸಾಲು ಬರೆಯಿರಿ: ‘ಮನೆಯವರ ಜೊತೆ ರಾತ್ರಿ ಎಂಟಕ್ಕೆ ಊಟ.’ ಒಬ್ಬರೇ ಬರೆದರೆ ತಮಾಷೆ ಅಂದ್ಕೋತಾರೆ. ಇಡೀ ಟೀಮು ಬರೆದರೆ ಮೀಟಿಂಗ್ ಕರೀತಾರೆ. ಅದೊಂದು ಮೀಟಿಂಗಿಗೆ ಮಾತ್ರ ತಪ್ಪದೆ ಹೋಗಿ.