ಮಾತು ಬಾರದ ರಾಮ, ಮಾತು ನಿಲ್ಲದ ವಾಲಿ

ಮಳೆಗಾಲದಲ್ಲಿ ನಮ್ಮ ಶಿರೂರಿನಲ್ಲಿ ಶನಿವಾರ ರಾತ್ರಿ ಅಂದರೆ ತಾಳಮದ್ದಳೆ. (ಶಿರೂರು ಅಂದ ಕೂಡಲೇ 2024ರ ಜುಲೈಯಲ್ಲಿ ಗುಡ್ಡ ಕುಸಿದ ಊರಾ ಅಂತ ಕೇಳುತ್ತಾರೆ. ಅದು ಅಂಕೋಲಾದ ಶಿರೂರು. ನಮ್ಮದು ಒತ್ತಿನೆಣೆ ಇಳಿದು ಭಟ್ಕಳಕ್ಕೆ ಹೋಗುವಾಗ ಸಿಗುವ, ಟೋಲ್ ಗೇಟಿನ ಶಿರೂರು.) ಮೇಳಗಳು ತಿರುಗಾಟ ಮುಗಿಸಿದ ಮೇಲೆ ಒಂದು ಮನೆಯ ಚಾವಡಿಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ಚಂಡೆ ನುಡಿಯುತ್ತದೆ, ನಾವು ಎದುರು ಬದುರು ಕೂತು ಅರ್ಥ ಹೇಳುತ್ತೇವೆ. ಮಾತು ಬರೆದಿಟ್ಟದ್ದಲ್ಲ, ಕೂತಲ್ಲೇ ಹುಟ್ಟಬೇಕು. ನನಗೆ ಸಿಗುವುದು ತಾರೆ, ಮಂಡೋದರಿ, ಒಮ್ಮೊಮ್ಮೆ ವಿದುರ.

ಬೆಂಗಳೂರಿನ ನನ್ನ ಗೆಳತಿಯೊಬ್ಬಳು ಭಾನುವಾರ ಹೀಗೇ ಮೇಜಿನ ಸುತ್ತ ಕೂರುತ್ತಾಳೆ. ಅವರದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಕಥೆ ನಡೆಸಲು ಒಬ್ಬ ಯಜಮಾನ, ಮಾತಿನಲ್ಲೇ ಯುದ್ಧ, ಮಾತಿನಲ್ಲೇ ಕಾಡು. ಅವಳ ದೊಡ್ಡ ತಲೆನೋವು ರಾಕ್ಷಸರದ್ದಲ್ಲ, ಆಡುವವರದ್ದು. ಒಬ್ಬ ಬಾಯಿಯೇ ಬಿಡುವುದಿಲ್ಲ, ಇನ್ನೊಬ್ಬ ಬಾಯಿ ಮುಚ್ಚುವುದಿಲ್ಲ. "ನಿಮ್ಮಲ್ಲಿ ಏನು ಮಾಡ್ತೀರಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವ್ಯತ್ಯಾಸ ಉಂಟು. ಅವರಲ್ಲಿ ದಾಳ ಬಿದ್ದ ಹಾಗೆ ಕಥೆ ತಿರುಗುತ್ತದೆ. ನಮ್ಮಲ್ಲಿ ಕಥೆ ಮೊದಲೇ ತೀರ್ಮಾನ. ವಾಲಿ ಬೀಳಲೇಬೇಕು, ಕರ್ಣ ಸಾಯಲೇಬೇಕು. ಗೆಲ್ಲಲು ಉಳಿದದ್ದು ಮಾತು ಒಂದೇ. ಅದಕ್ಕೇ ನಮ್ಮ ಕೂಟಗಳಲ್ಲಿ ಅಹಂಕಾರ ಬೇಗ ಉಬ್ಬುವುದು ಅಂತ ನನ್ನ ಲೆಕ್ಕ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ವಾಲಿ, ರಾವಣ ಕೇಳಲು ಜನ ದೂರದಿಂದ ಬರುತ್ತಿದ್ದದ್ದು ಮಾತಿನ ಜಟಾಪಟಿಗೇ. ದೊಡ್ಡವರ ಎದುರು ದೊಡ್ಡವರೇ ಕೂತರೆ ಅದು ಹಬ್ಬ. ಎದುರು ಕೂತವ ಮೊನ್ನೆ ಮೊನ್ನೆ ಬಂದವನಾದರೆ?

ನಮ್ಮಲ್ಲಿ ಹಾಗೇ ಆಯಿತು. ಮಾಣಿ ಬೋಟಿಗೆ ಹೋಗುವವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ಲವೇ, ಅವನು ಊರಲ್ಲಿರುವುದು ಆ ಎರಡು ತಿಂಗಳು. ಚಿಕ್ಕವನಿದ್ದಾಗ ನವರಾತ್ರಿಯಲ್ಲಿ ಹೂವಿನ ಕೋಲಿಗೆ ಮನೆ ಮನೆ ತಿರುಗಿದವ, ಸ್ವರ ಗಟ್ಟಿ. ನಮ್ಮ ಕೂಟದಲ್ಲಿ ಮೂವತ್ತರ ಒಳಗಿನವರು ಅಂತ ಇದ್ದದ್ದು ಅವನು ಮತ್ತು ನಾನು. ವಾಲಿವಧೆಗೆ ಅವನನ್ನು ರಾಮ ಮಾಡಿದರು. ವಾಲಿ ನಮ್ಮ ಮಾಷ್ಟ್ರು. ನಿವೃತ್ತರು, ಓದಿಕೊಂಡವರು, ಶ್ಲೋಕ ನಾಲಿಗೆ ತುದಿಯಲ್ಲಿ.

ವಾಲಿಗೆ ಈ ಪ್ರಸಂಗದಲ್ಲಿ ನ್ಯಾಯವಾದ ಪ್ರಶ್ನೆ ಉಂಟು. ಮರದ ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ? ನನಗೂ ನಿನಗೂ ಏನು ವೈರ? ರಾಮನಿಗೂ ಉತ್ತರ ಉಂಟು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಇದು ಭರತನ ಆಳ್ವಿಕೆಯ ನೆಲ, ಮೃಗವನ್ನು ಬೇಟೆಯಾಡುವುದು ರಾಜನಿಗೆ ತಪ್ಪಲ್ಲ. ಮಾಣಿ ಮೂರನ್ನೂ ಬಾಯಿಪಾಠ ಮಾಡಿ ಬಂದಿದ್ದ. ಮೊದಲನೆಯದಕ್ಕೇ ಮಾಷ್ಟ್ರು ಶ್ಲೋಕ ಹೇಳಿ ಅಡ್ಡ ಹಾಕಿದರು. ಅವನು ತಡವರಿಸಿದ. ಆಗ ಅವರೆಂದರು: "ಧರ್ಮ ಹೇಳುವುದು ಬಲೆ ಎಳೆದ ಹಾಗಲ್ಲ."

ಕೂತವರಲ್ಲಿ ಕೆಲವರು ನಕ್ಕರು. ಅದು ವಾಲಿ ರಾಮನಿಗೆ ಹೇಳಿದ ಮಾತಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಮಾಣಿಯ ಬಾಯಿ ಕಟ್ಟಿತು. ಭಾಗವತರು ಕಾಯಲಿಲ್ಲ, ಅರ್ಥ ಅರ್ಧದಲ್ಲಿರುವಾಗಲೇ ಮುಂದಿನ ಪದ್ಯ ಎತ್ತಿಕೊಂಡರು. ಎಂಥ ಮಾತುಗಾರನಾದರೂ ಪದ್ಯ ಬಂದರೆ ನಿಲ್ಲಿಸಲೇಬೇಕು. ಭಾಗವತರನ್ನು ಒಂದನೇ ವೇಷ ಅನ್ನುವುದು ಸುಮ್ಮನೆ ಅಲ್ಲ. ತಾರೆಯಾಗಿ ಗೋಳಾಡಬೇಕಾದ ನಾನು ಆವತ್ತು ಸಿಟ್ಟಿನಲ್ಲೇ ಅತ್ತೆ.

ಮುಂದಿನ ಎರಡು ಶನಿವಾರ ಮಾಣಿ ಬರಲಿಲ್ಲ. ಒಟ್ಟು ಎಂಟೊಂಬತ್ತು ಶನಿವಾರದಲ್ಲಿ ಎರಡು ಹೋದವು. ಇನ್ನು ಬರುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದನಂತೆ. ಹಾಗಂತ ಮಾಷ್ಟ್ರನ್ನು ಬಿಡುವ ಹಾಗೂ ಇಲ್ಲ. ಪ್ರಸಂಗ ಪುಸ್ತಕ ಅವರದ್ದು, ನಮಗೆಲ್ಲ ಅರ್ಥ ಹೇಳಲು ಕಲಿಸಿದವರೂ ಅವರೇ.

ಭಾಗವತರು ಮಾಷ್ಟ್ರ ಮನೆಗೆ ಹೋಗಿ ಒಂದೇ ಮಾತು ಹೇಳಿದರಂತೆ. "ಮಾಷ್ಟ್ರೇ, ರಾಮಂಗೆ ಎಷ್ಟ್ ಬೇಕಾರೂ ಹೇಳಿ. ಮಾಣಿಗೆ ಹೇಳುಕಾಗ." ಇದರಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಚಾವಡಿ ತುಂಬ ಜನರ ಎದುರು ಆಡಿದ ಮಾತಿಗೆ ಜನರ ಎದುರೇ ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಭಾಗವತರನ್ನು ಕೇಳಿದರೆ, "ಹಾಗ್ ಮಾಡ್ರೆ ಇಬ್ರೂ ಬತ್ತಿಲ್ಲ" ಅಂದರು.

ಮಾಣಿಯನ್ನು ಹುಡುಕಿಕೊಂಡು ಅವರು ಹೋದದ್ದು ಬಲೆ ಸರಿ ಮಾಡುವಲ್ಲಿಗೆ. ವಾಲಿಯ ಸುದ್ದಿ ತೆಗೆಯಲಿಲ್ಲ. ಗಾಳಿ ತಿರುಗುವುದು ಹೇಗೆ ಗೊತ್ತಾಗುತ್ತದೆ, ರಾತ್ರಿ ನೀರಿನ ಬಣ್ಣ ಹೇಗಿರುತ್ತದೆ ಅಂತ ಕೇಳುತ್ತ ಕೂತರಂತೆ. ಏಳುವಾಗ, "ಬಪ್ಪು ಶನಿವಾರ ಶರಸೇತು. ಅರ್ಜುನ ಕಡಲ ಬದಿಗೆ ಬಂದ್ ನಿಲ್ಲುದು. ನೀನ್ ಈಗ ಹೇಳದ್ದೇ ಪೀಠಿಕೆ" ಅಂದರಂತೆ.

ಶರಸೇತು ಬಂಧನದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ರಾಮ ಬಾಣದಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ ಅಂತ ಅರ್ಜುನ ಹನುಮಂತನ ಹತ್ತಿರ ಪಂಥ ಕಟ್ಟುತ್ತಾನೆ. ಕಟ್ಟಿದ ಸೇತುವೆ ಹನುಮಂತನ ಭಾರಕ್ಕೆ ಮುರಿಯುತ್ತದೆ. ಅರ್ಜುನ ಬೆಂಕಿಗೆ ಹಾರಲು ಹೊರಟಾಗ ಮುದುಕ ಬ್ರಾಹ್ಮಣನೊಬ್ಬ ಬಂದು, ಸಾಕ್ಷಿ ಇಲ್ಲದ ಪಂಥ ಪಂಥವೇ ಅಲ್ಲ, ಇನ್ನೊಮ್ಮೆ ಆಗಲಿ ಅನ್ನುತ್ತಾನೆ. ಎರಡನೇ ಸಲ ಸೇತುವೆ ಮುರಿಯುವುದಿಲ್ಲ. ಯಾಕೆಂದರೆ ಬ್ರಾಹ್ಮಣನಾಗಿ ಬಂದವ ದೇವರೇ.

ಆ ಬ್ರಾಹ್ಮಣನ ಪಾತ್ರ ಮಾಷ್ಟ್ರಿಗೆ ಕೊಟ್ಟರು. ಬರುವುದು ಕೊನೆಗೆ, ಕೆಲಸ ಜಗಳ ಬಿಡಿಸುವುದು. ಮಾಷ್ಟ್ರು ಮುಖ ಸಣ್ಣ ಮಾಡಿದರೂ ಬೇಡ ಅನ್ನಲಿಲ್ಲ.

ಮಾಣಿ ಬಂದ. ಪೀಠಿಕೆ ಶುರು ಮಾಡುವಾಗ ಕೈ ನಡುಗುತ್ತಿತ್ತು. ಎರಡು ಕಡೆ ಸಿಕ್ಕಿಬಿದ್ದ. ಆಗ ಭಾಗವತರು ತಾಳ ಕೆಳಗಿಟ್ಟು, "ಹೌದಾ ಪಾರ್ಥ, ಕಡಲು ಇಂದು ಶಾಂತವೋ?" ಅಂತ ಎಳೆ ಕೊಟ್ಟರು. ಅಲ್ಲಿಂದ ಹತ್ತು ನಿಮಿಷ ಅವನು ಹೇಳಿದ ಕಡಲು ಯಾವ ಪುಸ್ತಕದ್ದೂ ಅಲ್ಲ. ಹನುಮಂತನ ಅರ್ಥ ಹೇಳುತ್ತಿದ್ದವರು ನಮ್ಮ ಅಂಗಡಿಯಣ್ಣ. ಅವರಂತೂ ಅವನಿಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿದರು. ಇದು ನೋಡಲು ಸುಲಭ, ಮಾಡಲು ಕಷ್ಟ. ಚಪ್ಪಾಳೆ ಎದುರಿನವನಿಗೆ ಬೀಳುತ್ತದೆ.

ಮಾಷ್ಟ್ರ ಸರದಿ ಬಂತು. "ನಿಮ್ಮ ಪಂಥಕ್ಕೆ ಸಾಕ್ಷಿ ಯಾರು?"

ಮಾಣಿ, "ಈ ಕಡಲು" ಅಂದುಬಿಟ್ಟ. ಹಾಗೆ ಹೇಳುವ ಕ್ರಮ ಇಲ್ಲ. ಸಾಕ್ಷಿ ಇಲ್ಲ ಅಂತ ಒಪ್ಪಿದರಲ್ಲವೇ ಕಥೆ ಮುಂದೆ ಹೋಗುವುದು? ಮಾಷ್ಟ್ರು ಮನಸ್ಸು ಮಾಡಿದ್ದರೆ ಅಲ್ಲೇ ಹಿಡಿದು ಹಾಕಬಹುದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಡಲಿನ ಭಾಷೆ ನಿನಗೆ ಗೊತ್ತುಂಟು ಮಗೂ. ಈ ಮುದುಕನಿಗೆ ಬಾರದು. ನನಗಾಗಿ ಇನ್ನೊಮ್ಮೆ ಕಟ್ಟು" ಅಂದರು.

ಅದು ಕ್ಷಮೆಯೋ, ಕಥೆ ದಾರಿಗೆ ತರುವ ಜಾಣತನವೋ? ಮಾಷ್ಟ್ರನ್ನು ಕೇಳಿದೆ. "ಪಾತ್ರ ಹೇಳ್ತ್, ನಾನ್ ಹೇಳದ್ದಲ್ಲ" ಅಂತ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅದರ ಮೇಲೆ ಬ್ರಾಹ್ಮಣನ ಸಣ್ಣ ಪಾತ್ರವನ್ನು ಮುಕ್ಕಾಲು ಗಂಟೆ ಎಳೆದರು. ಎರಡು ಸಲ ಪದ್ಯ ಎತ್ತಿ ನಿಲ್ಲಿಸಬೇಕಾಯಿತು. ಮರುವಾರ ಕೃಷ್ಣಸಂಧಾನದಲ್ಲಿ ಕೌರವನೇ ಬೇಕು ಅಂತ ಹಟ ಹಿಡಿದರು. ಕೊಟ್ಟೆವು. ಎದುರು ಕೃಷ್ಣನಾಗಿ ಅಂಗಡಿಯಣ್ಣ ಕೂತರು. ಮಾಣಿ ವಿದುರನಾಗಿದ್ದ. ಅವನ ಮನೆಗೆ ಊಟಕ್ಕೆ ಯಾಕೆ ಹೋದೆ ಅಂತ ಕೌರವ ಕೃಷ್ಣನನ್ನು ಕೇಳುವಾಗ ಮಾಣಿ ನಗು ತಡೆಯಲಾಗದೆ ತಲೆ ತಗ್ಗಿಸಿದ್ದು ನೋಡಿದೆ.

ಆಗಸ್ಟ್‌ನಲ್ಲಿ ಅವನು ಬೋಟಿಗೆ ಹೋದ. ಅಂಗಡಿಯಣ್ಣನ ಹತ್ತಿರ ಕರ್ಣಪರ್ವದ ಪುಸ್ತಕದ ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ನಮಗೆ ಈಗ ಅರ್ಜುನ ಇಲ್ಲ. ಬೈಂದೂರಿನಿಂದ ಭಟ್ಕಳದವರೆಗೆ ಯಾರಾದರೂ ಇದ್ದರೆ ಶನಿವಾರ ರಾತ್ರಿ ಏಳೂವರೆಗೆ ಬನ್ನಿ. ಮಾತು ಬಾರದಿದ್ದರೂ ಅಡ್ಡಿಲ್ಲ.