ನಮ್ಮ ಬಲಮಂಡಿಯ ವೃತ್ತಾಂತ

ಮಂಡಿಯೆಂಬ ಮಾತಿಗೆ ನಮ್ಮ ಕಡೆಯಲ್ಲಿ ಎರಡು ಅರ್ಥಗಳುಂಟು. ಒಂದು, ದೇವರು ಪ್ರತಿಯೊಬ್ಬನಿಗೂ ಎರಡೆರಡರಂತೆ ದಯಪಾಲಿಸಿರುವ ಮೊಣಕಾಲು. ಇನ್ನೊಂದು, ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿಯು ಚಂಡೆಯ ಏರುದನಿಗೆ ಸರಿಯಾಗಿ ನೆಲಕ್ಕೆ ಮೊಣಕಾಲೂರಿ, ರಂಗಸ್ಥಳದ ಸುತ್ತಲೂ ಬುಗುರಿಯಂತೆ ತಿರುಗುತ್ತ ಸಾಗುವ ಕುಣಿತ. ಈ ಎರಡನೆಯ ಮಂಡಿಯ ವ್ಯಾಮೋಹದಿಂದ ನಾವು ಮೊದಲನೆಯ ಮಂಡಿಯನ್ನು ಕೆಡಿಸಿಕೊಂಡೆವು. ಮನೆಗೊಂದಾದರೂ ನೋಯುವ ಮಂಡಿ ಇರುವ ಕಾಲವಾದುದರಿಂದ, ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇವೆ.

ನಮ್ಮ ಕಾನಸೂರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಮೇಲಿದೆ. ಈ ಸೀಮೆಯ ಹುಡುಗರಿಗೆ ಅಕ್ಷರಾಭ್ಯಾಸವೂ ಹೆಜ್ಜೆಯ ಅಭ್ಯಾಸವೂ ಬಹುಮಟ್ಟಿಗೆ ಒಟ್ಟಿಗೇ ಆಗುತ್ತವೆ. ಘಟ್ಟದ ಕೆಳಗೆ ಹೊನ್ನಾವರದ ಕಡೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ಸಂಗತಿಯನ್ನು ನಮ್ಮ ತಂದೆಯವರು ಯಾವುದೋ ರಾಜವಂಶದ ಸ್ಥಾಪನೆಯೆಂಬಂತೆ ಹೇಳುತ್ತಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತವನ್ನು ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ ಕಂಡ ರಾತ್ರಿ ನಮಗೆ ಹತ್ತು ವರ್ಷವಿದ್ದೀತು. ಮರುದಿನ ಬೆಳಿಗ್ಗೆ ಅಡಕೆ ಹರಗುವ ಅಂಗಳದಲ್ಲಿ ಮಂಡಿ ಹಾಕಲು ಹೋಗಿ ಎರಡೂ ಮೊಣಕಾಲುಗಳ ಚರ್ಮವನ್ನು ಕಳೆದುಕೊಂಡೆವು. ಮುಂದೆ ಸಂಸ್ಕೃತವನ್ನೋದಿ, ಮಾಸ್ತರಿಕೆಯನ್ನು ಹಿಡಿದು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಂದ ಅಮರಕೋಶವನ್ನು ಬಾಯಿಪಾಠ ಮಾಡಿಸಿದರೂ ಗೆಜ್ಜೆಯನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೆ ನಾಲ್ಕೈದು ಆಟ. ಅಷ್ಟರಲ್ಲಿ ಒಂದಾದರೂ ಮಂಡಿಯ ವೇಷ. ಇದು ನಮ್ಮ ವ್ರತವಾಗಿತ್ತು.

2023ರ ಮಾಘಮಾಸದಲ್ಲಿ ಊರ ದೇವಸ್ಥಾನದ ವರ್ಧಂತಿಯ ನಿಮಿತ್ತ ಅಭಿಮನ್ಯುಕಾಳಗದ ಪ್ರಸಂಗವನ್ನು ಇಟ್ಟುಕೊಂಡಿದ್ದರು. ಅಭಿಮನ್ಯುವಾಗತಕ್ಕ ಹುಡುಗನಿಗೆ ಅದೇ ಸಾಯಂಕಾಲ ಜ್ವರ ಬಂದಿತು. ನಮಗಾಗಲೇ ದ್ರೋಣನ ವೇಷವು ಗೊತ್ತಾಗಿತ್ತು. ವಯಸ್ಸಿಗೂ ವೃತ್ತಿಗೂ ಅದು ತಕ್ಕುದೇ ಆಗಿತ್ತು. ಆದರೂ ಚೌಕಿಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ, "ಅಭಿಮನ್ಯುವನ್ನು ನಾವೇ ಮಾಡುತ್ತೇವೆ" ಎಂಬ ಮಾತು ನಮ್ಮ ಬಾಯಿಂದ ಹೊರಬಿದ್ದಿತು. ಅಭಿಮನ್ಯುವಿಗೆ 16 ವರ್ಷ, ನಮಗೆ 58. ಕೇದಗೆ ಮುಂದಲೆಯನ್ನು ಕಟ್ಟುತ್ತಿದ್ದವನು, "ಮಾಸ್ತರೇ, ಮಂಡಿ ಬೇಡ, ಕುಣಿತ ಸಾಕು" ಎಂದು ಮೆಲ್ಲನೆ ಹೇಳಿದ್ದನು. ಹಿತವಚನವನ್ನು ಕೇಳುವ ವಯಸ್ಸು ಅಭಿಮನ್ಯುವಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಸಭೆಯಿಂದ ಸಿಳ್ಳು ಬಂದಿತು. ಆ ಸಿಳ್ಳೇ ನಮ್ಮನ್ನು ಮೂರನೆಯದಕ್ಕೆ ಎಳೆಯಿತು. ಮಂಡಿಯಿಂದ ಏಳುವಾಗ ಬಲಪಾದವು ಹಾಸಿದ ಜಮಖಾನೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿತು. ಪಾದವು ನಿಂತಲ್ಲಿಯೇ ನಿಂತಿತು, ಮೈ ತಿರುಗಿತು. ಒಣ ಕಡ್ಡಿ ಮುರಿದಂತಹ ಒಂದು ಸಣ್ಣ ಸದ್ದು ನಮಗೊಬ್ಬರಿಗೇ ಕೇಳಿಸಿತು. ಚಕ್ರವ್ಯೂಹದೊಳಗೆ ನುಗ್ಗುವ ಕೆಲಸ ಇನ್ನೂ ಬಾಕಿಯಿದ್ದುದರಿಂದ, ಅಂದಿನ ಅಭಿಮನ್ಯುವು ಕುಂಟುತ್ತಲೇ ಒಳಹೊಕ್ಕು ಎಂದಿಗಿಂತ ಬೇಗನೆ ವೀರಸ್ವರ್ಗವನ್ನು ಸೇರಿದನು.

ಆಮೇಲೆ ನಾವು ಮಾಡಿದ್ದು ಮಂಡಿ ಹಾಕಿದ್ದಕ್ಕಿಂತಲೂ ದೊಡ್ಡ ಅವಿವೇಕ. ನಾಲ್ಕು ತಿಂಗಳು ನೋವನ್ನು ಮುಚ್ಚಿಟ್ಟೆವು. "ಈ ಪ್ರಾಯದಲ್ಲಿ ಬೇಕಿತ್ತೇ?" ಎಂಬ ಒಂದೇ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ, ಮನೆಯವರ ಮುಂದೆ ನೆಟ್ಟಗೆ ನಡೆದು, ಮರೆಯಲ್ಲಿ ಗೋಡೆಯನ್ನು ಹಿಡಿದುಕೊಂಡು ನಡೆಯುತ್ತಿದ್ದೆವು. ಮಹಾನಾರಾಯಣ ತೈಲದ ವಾಸನೆಯು ಗುಟ್ಟನ್ನು ಬಯಲುಮಾಡಿದ ಮೇಲೆ ಊರಿನ ವೈದ್ಯವೆಲ್ಲವೂ ಮನೆಗೆ ನಡೆದುಬಂದಿತು. ಎಕ್ಕದ ಎಲೆಯನ್ನು ಬಿಸಿಮಾಡಿ ಕಟ್ಟಿರೆಂದು ಒಬ್ಬರು; ಲಕ್ಕಿಸೊಪ್ಪಿನ ಶಾಖ ಕೊಡಿರೆಂದು ಇನ್ನೊಬ್ಬರು. ಎರಡರಿಂದಲೂ ಹಿತವಾಯಿತೆಂಬುದನ್ನು ಅಲ್ಲಗಳೆಯಲಾರೆವು. ಆದರೆ ಹಿತವಾಗುವುದೇ ಬೇರೆ, ಗುಣವಾಗುವುದೇ ಬೇರೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ತೋಟಕ್ಕಿಳಿಯುವ ಕಲ್ಲುಮೆಟ್ಟಿಲುಗಳ ನಡುವೆ ಮಂಡಿಯು ನಮ್ಮ ಕೈಬಿಟ್ಟಿತು. ಬಿದ್ದದ್ದು ಕೆಸರಿನಲ್ಲಿಯಾದುದರಿಂದ ಬೇರೇನೂ ಮುರಿಯಲಿಲ್ಲ. ಮಗನು ಮಾತಿಲ್ಲದೆ ಕಾರನ್ನು ತೆಗೆದು ಹುಬ್ಬಳ್ಳಿಗೆ ಕರೆದೊಯ್ದನು.

ಮೂಳೆವೈದ್ಯರು ಕಾಂತಶಕ್ತಿಯಿಂದ ತೆಗೆದ ಚಿತ್ರವನ್ನು ಬೆಳಕಿಗೆ ಹಿಡಿದು ವಿವರಿಸಿದ ರೀತಿಯು ಒಳ್ಳೆಯ ಮಾಸ್ತರರಿಗೆ ಒಪ್ಪುವಂತಿದ್ದಿತು. ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳಿವೆ. ಮೃದ್ವಸ್ಥಿಯಿಂದಾದ ಅವು ಮೈಭಾರವನ್ನು ಹಂಚಿಕೊಂಡು ಹೊರುತ್ತವೆ. ಮೆಟ್ಟಿಲೇರುವಾಗ ಆ ಸಂಧಿಯ ಮೇಲೆ ಬೀಳುವ ಭಾರವು ಮೈತೂಕದ ಸುಮಾರು ಮೂರು ಪಟ್ಟು. ಪಾದವು ನೆಲದಲ್ಲಿ ಊರಿರುವಾಗ, ಮಡಿಸಿದ ಮಂಡಿಯ ಮೇಲೆ ದೇಹವು ತಿರುಚಿದರೆ ಈ ಮೆತ್ತೆ ಹರಿಯುತ್ತದೆ. ಅದರ ಹೊರಅಂಚಿಗೆ ಮಾತ್ರವೇ ರಕ್ತಸಂಚಾರ, ಒಳಭಾಗಕ್ಕಿಲ್ಲ. ಆದುದರಿಂದ ಒಳಗೆ ಹರಿದದ್ದು ತಾನಾಗಿ ಕೂಡುವುದಿಲ್ಲ. "ಗುಲ್ಮಾರ್ಗದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವವರಿಗೂ ಹೀಗೆಯೇ ಆಗುತ್ತದೆ. ಹಲಗೆ ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ, ಮನುಷ್ಯ ತಿರುಗುತ್ತಾನೆ. ನೀವು ಸ್ಕೀ ಆಡುವವರೋ?" ಎಂದು ಅವರು ನಗುತ್ತ ಕೇಳಿದರು. ಹಿಮವನ್ನು ಚಿತ್ರದಲ್ಲಲ್ಲದೆ ಕಾಣದ ನಾವು, "ಅಲ್ಲ, ಅಭಿಮನ್ಯು" ಎಂದು ಉತ್ತರಕೊಟ್ಟೆವು.

ಮನೆಗೆ ಬಂದು ಸುಶ್ರುತಸಂಹಿತೆಯನ್ನು ತೆರೆದು ನೋಡಿದೆವು. ಆಚಾರ್ಯನು ದೇಹದಲ್ಲಿ 107 ಮರ್ಮಗಳನ್ನೆಣಿಸುವಲ್ಲಿ ಜಾನುವೂ ಒಂದೆಂದೂ, ಅಲ್ಲಿ ಪೆಟ್ಟಾದರೆ ಕುಂಟುತನ ಬರುವುದೆಂದೂ ಹೇಳಿದ್ದಾನೆ. ಮಂಡಿಯು ಬಾತುಕೊಂಡು ನರಿಯ ತಲೆಯಂತೆ ಕಾಣುವ ಬೇನೆಗೆ ಅವನಿಟ್ಟ ಹೆಸರು ಕ್ರೋಷ್ಟುಕಶೀರ್ಷ. ಮಂಡಿಯನ್ನು ದೀಪಕ್ಕೊಡ್ಡಿ ನೋಡಿದರೆ ಉಪಮೆಯು ಎಷ್ಟು ಯಥಾರ್ಥವಾಗಿತ್ತು! ಇಷ್ಟು ವರ್ಷ ಉಪಮಾಲಂಕಾರವನ್ನು ಪಾಠ ಹೇಳಿದ್ದರೂ ಒಂದು ಉಪಮೆಯನ್ನು ಮೈಮೇಲೆ ಹೊತ್ತದ್ದು ಅದೇ ಮೊದಲು.

ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಮುಂದಿನ ಪ್ರಶ್ನೆಯಾಯಿತು. ಸಣ್ಣ ರಂಧ್ರದಿಂದ ದುರ್ಬೀನನ್ನು ತೂರಿಸಿ ಹರಿದ ಚೂರನ್ನು ಕತ್ತರಿಸಿ ತೆಗೆಯುವ ಪದ್ಧತಿಯುಂಟು. ಆದರೆ ನಮ್ಮ ಮೆತ್ತೆಯು ವಯೋಧರ್ಮದಿಂದ ಮೊದಲೇ ಸವೆದಿದ್ದಿತೆಂದೂ, ಜಮಖಾನೆಯು ನೆಪಮಾತ್ರವೆಂದೂ ವೈದ್ಯರ ಅಭಿಪ್ರಾಯ. ಸವೆದು ಹರಿದ ಇಂತಹ ಮಂಡಿಗಳ ಮೇಲೆ ಫಿನ್ಲೆಂಡಿನ ವೈದ್ಯರು ಒಂದು ವಿಚಿತ್ರವಾದ ಪರೀಕ್ಷೆಯನ್ನು ನಡೆಸಿ 2013ರಲ್ಲಿ ಪ್ರಕಟಿಸಿದರು. 146 ಜನ ರೋಗಿಗಳಲ್ಲಿ ಕೆಲವರಿಗೆ ನಿಜವಾಗಿ ಚೂರನ್ನು ಕತ್ತರಿಸಿದರು; ಉಳಿದವರಿಗೆ ಕತ್ತರಿಸಿದಂತೆ ನಟಿಸಿದರು. ವರ್ಷವೊಂದು ಕಳೆದ ಮೇಲೆ ನೋಡಿದರೆ ಎರಡು ಪಂಗಡಗಳಿಗೂ ಗಣನೀಯವಾದ ಅಂತರವಿರಲಿಲ್ಲ. ವೇಷದ ಮಹಿಮೆಯನ್ನು ಬಲ್ಲ ನಮಗೆ ಇದು ಅಷ್ಟೇನೂ ಆಶ್ಚರ್ಯವೆನಿಸಲಿಲ್ಲ. ಮಂಡಿಯು ಪೂರ್ತಿಯಾಗಿ ಸಿಕ್ಕಿಕೊಂಡು ನಿಂತರೆ ಮಾತು ಬೇರೆ. ಹಾಗಿಲ್ಲದಿದ್ದರೆ ಮೊದಲು ಮೂರು ತಿಂಗಳು ವ್ಯಾಯಾಮವೆಂದು ನಿಶ್ಚಯವಾಯಿತು. ಜೊತೆಗೆ ಒಂದು ಮಾತನ್ನು ಅವರು ಚೀಟಿಯ ಮೇಲೆ ಬರೆಯದೆ ಬಾಯಲ್ಲಿ ಹೇಳಿದರು: "ನಡೆಯಿರಿ, ತೋಟಕ್ಕೆ ಹೋಗಿರಿ. ಮಂಡಿ ಕುಣಿತ ಮಾತ್ರ ಇನ್ನಿಲ್ಲ."

ವ್ಯಾಯಾಮವನ್ನು ಕಲಿಸಿದವಳು ಶಿರಸಿಯ ಒಬ್ಬ ಹುಡುಗಿ. ನಮ್ಮ ಶಿಷ್ಯೆಯಾಗಬಹುದಾದ ವಯಸ್ಸು. ಕಾಲು ನೀಡಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ಲನ್ನಿಟ್ಟು, ಅದನ್ನು ಒತ್ತಿ ಹಿಡಿದು ಹತ್ತು ಎಣಿಸಬೇಕು. ಕಾಲನ್ನು ನೆಟ್ಟಗೆ ಎತ್ತಿ ಹತ್ತು ಎಣಿಸಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ತೊಡೆಯ ಮುಂಭಾಗದ ಸ್ನಾಯುಗಳು ಬಲಿತರೆ ಮಂಡಿಯ ಭಾರವನ್ನು ಅವೇ ಹೊರುತ್ತವೆಂದು ಇದರ ತತ್ತ್ವ. ಇದಕ್ಕಿಂತ ನೀರಸವಾದ ಕೆಲಸವು ಪ್ರಪಂಚದಲ್ಲಿಲ್ಲ. ಒಂದು ವಾರದಲ್ಲಿಯೇ ಬೇಸತ್ತು, ಒಂದೆರಡು ಮೂರು ಎಂಬ ಎಣಿಕೆಯನ್ನು ಬಿಟ್ಟು ಝಂಪೆತಾಳವನ್ನು ಹಿಡಿದೆವು. ಅದಕ್ಕೂ ಹತ್ತೇ ಅಕ್ಷರ. ಕೈಯಲ್ಲಿ ತಾಳ, ಮಂಡಿಯಲ್ಲಿ ಒತ್ತು. ಆ ಹುಡುಗಿಗೆ ಇದನ್ನು ಹೇಳಿದಾಗ, "ಹತ್ತಾದರಾಯಿತು ಸರ್" ಎಂದಳು.

ಸಂಕಟವು ಕುಣಿತವನ್ನು ಬಿಟ್ಟದ್ದರಲ್ಲಷ್ಟೇ ಇರಲಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವುದು ನಿಂತುಹೋಯಿತು. ದೇವರ ಪೂಜೆಗೆ ಕುರ್ಚಿ. ಸಮಾರಾಧನೆಯಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕುಳಿತಿರುವಾಗ ಮೂಲೆಯಲ್ಲಿ ನಮಗೊಂದು ಮೇಜು. ಬಡಿಸುವವರು ಆ ಮೂಲೆಯನ್ನು ಮರೆತರೆ ಕೂಗಿ ಕರೆಯುವ ಧೈರ್ಯವೂ ನಮಗಿರಲಿಲ್ಲ. ಮೊಮ್ಮಗನು ಓಡಿಬಂದು ಬಲತೊಡೆಯ ಮೇಲೆ ಕುಳಿತುಕೊಳ್ಳಲು ಹವಣಿಸಿದರೆ ಕೈಯೊಡ್ಡಿ ತಡೆದು ಎಡಕ್ಕೆ ಕುಳ್ಳಿರಿಸಬೇಕು. ಅವನು ಒಮ್ಮೆ, "ಅಜ್ಜ, ಆ ಕಾಲು ಯಾರದ್ದು?" ಎಂದು ಕೇಳಿದನು.

ಹೀಗೆ ನಮ್ಮ ದುಃಖವನ್ನು ನಾವೇ ದೊಡ್ಡದು ಮಾಡಿಕೊಂಡಿದ್ದಾಗ ಕೊನೆ ಕೊಯ್ಯುವ ಗೌಡನು ಬಂದು ಜಗಲಿಯ ಅಂಚಿನಲ್ಲಿ ಕುಳಿತು ತನ್ನ ಮಂಡಿಯನ್ನು ತೋರಿಸಿದನು. ಮಳೆಗೆ ಮುಂಚೆ ಕೊಳೆರೋಗದ ಮದ್ದು ಹೊಡೆಯುವುದಕ್ಕೂ, ಮಳೆ ನಿಂತ ಮೇಲೆ ಕೊನೆ ಕೊಯ್ಯುವುದಕ್ಕೂ, ದಿನಕ್ಕೆ ಎಷ್ಟೋ ಅಡಕೆಮರಗಳನ್ನು ಏರಿ ಮರದಿಂದ ಮರಕ್ಕೆ ದಾಟುವ ಮಂಡಿಯದು. ನರಿಯ ತಲೆ ಅಲ್ಲಿಯೂ ಇದ್ದಿತು. ನಮ್ಮದು ಹವ್ಯಾಸದ ಮಂಡಿ, ಅವನದು ಅನ್ನದ ಮಂಡಿ. ಟವೆಲ್ಲಿನ ವ್ಯಾಯಾಮವನ್ನು ಅವನಿಗೂ ಕಲಿಸಿದೆವು. ಮಾಡಿದನೋ ಇಲ್ಲವೋ ನಾವು ಕೇಳಲಿಲ್ಲ. ಬೆಳಗಾಗುವ ಮೊದಲೇ ತೋಟಕ್ಕಿಳಿಯುವವನಿಗೆ ಹತ್ತು ಎಣಿಸುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ಆರು ತಿಂಗಳ ವ್ಯಾಯಾಮದಿಂದ ನಡಿಗೆ ನೆಟ್ಟಗಾಯಿತು, ಮೆಟ್ಟಿಲೂ ಹಿಡಿತಕ್ಕೆ ಬಂದಿತು. ಅದರೊಂದಿಗೆ ದುರಾಶೆಯೂ ಬಂದಿತು. ಚಿಟ್ಟಾಣಿಯವರು 2012ರಲ್ಲಿ ಪದ್ಮಶ್ರೀಯನ್ನು ಪಡೆದು, 2017ರಲ್ಲಿ ತೀರಿಕೊಳ್ಳುವ ತನಕ, ಎಂಬತ್ತು ದಾಟಿದ ಮೇಲೆಯೂ ಗೆಜ್ಜೆ ಕಟ್ಟಿದವರಲ್ಲವೇ ಎಂದು ಮನಸ್ಸು ವಾದಿಸಿತು. ಅವರು ಬಾಲ್ಯದಿಂದಲೂ ರಾತ್ರಿ ರಾತ್ರಿ ಕುಣಿದು ಬಲಿತ ಕಾಲಿನವರು, ನಾವು ವರ್ಷಕ್ಕೆ ನಾಲ್ಕು ಆಟದವರು ಎಂಬ ಪ್ರತಿವಾದವನ್ನು ಮನಸ್ಸಿಗೆ ಕೇಳಿಸಲೇ ಇಲ್ಲ. ಮನೆಯವರೆಲ್ಲರೂ ದೇವಸ್ಥಾನಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಗೆಜ್ಜೆಯನ್ನು ತೆಗೆದು ಕಟ್ಟಿಕೊಂಡು ಅಂಗಳಕ್ಕಿಳಿದೆವು. ಹೆಜ್ಜೆಗಳು ನೆನಪಿನಲ್ಲಿದ್ದವು. ಬಾಯಲ್ಲಿಯೇ ಚಂಡೆಯನ್ನು ನುಡಿಸಿಕೊಂಡು, ನಿಧಾನವಾಗಿ ಎರಡೂ ಮಂಡಿಯನ್ನು ನೆಲಕ್ಕೂರಿದೆವು. ತಿರುಗಲಿಲ್ಲ; ತಿರುಗುವುದಕ್ಕೆ ಹೆದರಿದೆವು. ಏಳಲು ನೋಡಿದರೆ ಏಳಲಾಗಲಿಲ್ಲ. ಅಂಬೆಗಾಲಿಟ್ಟು ತುಳಸಿಕಟ್ಟೆಯವರೆಗೆ ಹೋಗಿ ಅದನ್ನು ಹಿಡಿದುಕೊಂಡು ಕುಳಿತಿದ್ದಾಗ ಮನೆಯಾಕೆಯು ಬಂದಳು. ಬೈಯುವಳೆಂದು ತಲೆ ತಗ್ಗಿಸಿದೆವು. ಅವಳು ಪ್ರಸಾದದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಕೆಳಗೆ ಕುಳಿತು, ಒಂದೊಂದೇ ಗಂಟು ಬಿಡಿಸಿ ಗೆಜ್ಜೆಯನ್ನು ಕಳಚಿದಳು. "ಇದನ್ನು ಯಾವುದಾದರೂ ಹುಡುಗನಿಗೆ ಕೊಡಬಾರದೇ?" ಎಂದಷ್ಟೇ ಕೇಳಿದಳು.

ಅಂದು ಜ್ವರದಲ್ಲಿ ಮಲಗಿದ್ದ ಹುಡುಗನಿಗೇ ಕೊಟ್ಟೆವು. ಈಗ ವಾರಕ್ಕೆರಡು ಸಾಯಂಕಾಲ ಅವನೂ ಇನ್ನು ಮೂವರೂ ನಮ್ಮ ಅಂಗಳಕ್ಕೆ ಬರುತ್ತಾರೆ. ನಾವು ಕುರ್ಚಿಯಲ್ಲಿ ಕುಳಿತು ತಾಳ ಹಾಕುತ್ತೇವೆ. ಮೊದಲು ತೊಡೆಗೆ ಬಲ, ಆಮೇಲೆ ಮಂಡಿ. ಏಳುವಾಗ ಪಾದವನ್ನೂ ಮೈಯನ್ನೂ ಒಟ್ಟಿಗೆ ತಿರುಗಿಸಬೇಕು. ಮಂಡಿಯ ಸುತ್ತಿಗೆ ಬಟ್ಟೆಯ ಪದರವನ್ನು ಕಟ್ಟಿಕೊಳ್ಳಬೇಕು. ಆಟದ ದಿನ ರಂಗಸ್ಥಳದ ಜಮಖಾನೆಯ ಮೇಲೆ ಕೈಯಾಡಿಸಿ ಮಡಿಕೆಗಳನ್ನು ನೋಡುವ ಅಧಿಕಾರವನ್ನು ನಾವೇ ವಹಿಸಿಕೊಂಡಿದ್ದೇವೆ. ಹುಡುಗರು ನಗುತ್ತಾರೆ, ನಗಲಿ.

ನಮಗುಳಿದದ್ದು ತಾಳಮದ್ದಲೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥ ಹೇಳುವುದಷ್ಟೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಕುಳಿತಲ್ಲಿಯೇ ಮಾತಿನಿಂದ ರಾಜ್ಯಗಳನ್ನು ಕಟ್ಟಿ ಕೆಡವಿದ ಕ್ಷೇತ್ರವದು. ಕುಣಿಯುವ ಚಪಲದಿಂದ ನಾವು ಇಷ್ಟು ವರ್ಷ ಅದನ್ನು ಮುದುಕರ ಕಾಲಕ್ಷೇಪವೆಂದು ಉಪೇಕ್ಷಿಸಿದ್ದೆವು. 2025ರ ಶ್ರಾವಣದಲ್ಲಿ ನಮ್ಮ ಜಗಲಿಯಲ್ಲಿಯೇ ಗದಾಯುದ್ಧವನ್ನು ಇಟ್ಟುಕೊಂಡೆವು. ಕೌರವನ ಅರ್ಥ ನಮ್ಮದು. ಭೀಮನೂ ಕೃಷ್ಣನೂ ಚಾಪೆಯ ಮೇಲೆ, ಕೌರವನೊಬ್ಬ ಕುರ್ಚಿಯ ಮೇಲೆ. "ಸೋಲುವ ತನಕ ಸಿಂಹಾಸನ ಬಿಡುವವನಲ್ಲ" ಎಂದು ಭೀಮನ ಅರ್ಥಧಾರಿ ಮೊದಲಿಗೇ ಚುಚ್ಚಿದನು, ಸಭೆ ನಕ್ಕಿತು.

ತೊಡೆ ಮುರಿದ ಮೇಲಣ ಪದ್ಯವು ಬಂದಾಗ ಸಿದ್ಧಮಾಡಿಟ್ಟುಕೊಂಡ ಮಾತುಗಳೆಲ್ಲವೂ ಮರೆತುಹೋದವು. ಭಾಸನ ಊರುಭಂಗ ನೆನಪಿಗೆ ಬಂದಿತು. ಅದರಲ್ಲಿ ದುರ್ಯೋಧನನ ಪುಟ್ಟ ಮಗ ದುರ್ಜಯನು ರಣಭೂಮಿಯಲ್ಲಿ ತಂದೆಯನ್ನು ಹುಡುಕಿಕೊಂಡು ಬಂದು, ಎಂದಿನಂತೆ ತೊಡೆಯೇರಲು ಹೋಗುತ್ತಾನೆ, ತಂದೆಯು ತಡೆಯುತ್ತಾನೆ. ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ ನಾಟಕವದು. ಅನ್ವಯ, ವಿಗ್ರಹವಾಕ್ಯ, ಅಲಂಕಾರ ಎಲ್ಲವನ್ನೂ ಹೇಳಿದ್ದೆವು. ಆ ರಾತ್ರಿ ಕೌರವನ ಬಾಯಿಂದ ನಾವು ರಾಜ್ಯದ ಮಾತನ್ನಾಡಲಿಲ್ಲ, ಧರ್ಮಯುದ್ಧದ ನಿಯಮವನ್ನೆತ್ತಿ ಕೃಷ್ಣನನ್ನು ದೂರಲೂ ಇಲ್ಲ. ಮಗುವನ್ನು ಎಲ್ಲಿ ಕುಳ್ಳಿರಿಸಲಿ ಎಂದು ಕೇಳಿದೆವು. ಮದ್ದಲೆಯವನು ಕೈಯನ್ನು ಮದ್ದಲೆಯ ಮೇಲಿಟ್ಟುಕೊಂಡು ಹಾಗೆಯೇ ಕುಳಿತಿದ್ದನು.

ಮಂಗಳವಾದ ಮೇಲೆ ಭಾಗವತರು ತಾಳವನ್ನು ಚೀಲಕ್ಕೆ ಹಾಕುತ್ತ, "ಮಾಸ್ತರೇ, ಪ್ರಸಂಗದಲ್ಲಿಲ್ಲದ ಮಗನನ್ನು ಎಲ್ಲಿಂದ ತಂದಿರಿ?" ಎಂದು ಆಕ್ಷೇಪಿಸಿದರು. ಭಾಸನ ಹೆಸರು ಹೇಳಿದೆವು. ಪ್ರಸಂಗ ಪ್ರಸಂಗವೇ, ಭಾಸನಾದರೂ ಪದ್ಯವನ್ನು ಮೀರಕೂಡದೆಂದು ಅವರು ಪಟ್ಟು ಹಿಡಿದರು. ಚರ್ಚೆಯು ಎರಡು ಲೋಟ ಕಷಾಯದವರೆಗೆ ಬೆಳೆಯಿತು. ಇನ್ನೂ ಮುಗಿದಿಲ್ಲ, ಮುಂದಿನ ಕೂಟದಲ್ಲಿ ಮುಂದುವರಿಯತಕ್ಕದ್ದಿದೆ. ಹನ್ನೆರಡೂವರೆಗೆ ಎಲ್ಲರೂ ಹೊರಟುಹೋದ ಮೇಲೆ ಮನೆಯಾಕೆಯು ಸುತ್ತಿದ ಟವೆಲ್ಲನ್ನು ತಂದು ಮುಂದಿಟ್ಟು, "ಕೇಳಿದಿರಾ, ರಾತ್ರಿಯದು ಬಾಕಿಯಿದೆ" ಎಂದಳು. ಹೊರಗೆ ಮಳೆ ಹೊಯ್ಯುತ್ತಿದ್ದಿತು. ಕಾಲು ನೀಡಿ ಕುಳಿತು ಝಂಪೆಯನ್ನು ಹಿಡಿದೆವು.